ಹೆಸ್ಟರ್ ಡಾರ್ ರಸ್ತೆಬದಿಯಲ್ಲಿ ಲಾಬ್‌ಸ್ಟರ್ ಮಾರಿದ ವಾರ

ನಮ್ಮ ಕಸುಬಿನಲ್ಲಿ ಸರಕು ಮೊದಲು ಕೊಡಬೇಕು, ಬೆಲೆ ಆಮೇಲೆ ಕೇಳಬೇಕು. ಬೆಳಗಿನ ಜಾವಕ್ಕೆ ಎದ್ದು ಕಡಲಿಗೆ ಹೋಗಿ, ಬೋನು ಎತ್ತಿ, ಲಾಬ್‌ಸ್ಟರುಗಳ ಇಕ್ಕಳಗಾಲಿಗೆ ರಬ್ಬರು ಬಿಗಿದು, ಮಧ್ಯಾಹ್ನದ ಹೊತ್ತಿಗೆ ದೋಣಿ ನಿಲ್ಲುವ ಧಕ್ಕೆಗೆ ತಂದು ತೂಗಿ ಕೊಟ್ಟುಬಿಡಬೇಕು. ಪೌಂಡಿಗೆ ಎಷ್ಟು ಎಂಬುದು ಶನಿವಾರ ಚೀಟಿ ಕೈಗೆ ಬಂದಾಗ ತಿಳಿಯುತ್ತದೆ. ಹಲ್ಲು ಕೀಳಿಸಿಕೊಳ್ಳಲು ಹೋದವನೂ ಬಾಯಿ ತೆರೆಯುವ ಮೊದಲು ಎಷ್ಟಾಗುತ್ತದೆ ಎಂದು ಕೇಳುತ್ತಾನೆ. ನಾವು ಕೇಳುವುದಿಲ್ಲ. ಕೇಳಿದರೆ ಧಕ್ಕೆಯವನ ಮೇಲೆ ನಂಬಿಕೆ ಇಲ್ಲ ಎಂದಾಗುತ್ತದಂತೆ. ನಮ್ಮಜ್ಜ ಕೇಳಲಿಲ್ಲ, ನಮ್ಮಪ್ಪ ಕೇಳಲಿಲ್ಲ, ನಾನೂ ನಲವತ್ತೊಂದು ವರ್ಷ ಕೇಳದೆ ಕೊಟ್ಟೆ. ಥೂ, ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ನಮ್ಮೂರು ಡನ್‌ಬರ್ ಕೋವ್‌ನಲ್ಲಿ ಕೇಳುತ್ತಿದ್ದವಳು ಒಬ್ಬಳೇ, ಹೆಸ್ಟರ್ ಡಾರ್. ನನ್ನ ಅಣ್ಣ ಲೈಮನ್‌ನ ಹೆಂಡತಿ. ದಿನಾ ದೋಣಿ ಧಕ್ಕೆಗೆ ತಾಗಿದ ಕೂಡಲೇ, ಹಗ್ಗ ಕಟ್ಟುವ ಮೊದಲೇ, ತಲೆಯೆತ್ತಿ ಕೇಳುತ್ತಿದ್ದಳು, ಇವತ್ತಿನ ಬೆಲೆ ಎಷ್ಟು ವೆಂಡೆಲ್ ಎಂದು. ಧಕ್ಕೆಯ ಯಜಮಾನ ವೆಂಡೆಲ್ ಟ್ರಾಸ್ಕ್ ದಿನಾ ಒಂದೇ ಉತ್ತರ ಕೊಡುತ್ತಿದ್ದ, ಇನ್ನೂ ಗೊತ್ತಾಗಿಲ್ಲ ಎಂದು. ಹಿಂದೆ ಸಾಲುಗಟ್ಟಿ ನಿಂತ ದೋಣಿಗಳಲ್ಲಿ ನಾವೆಲ್ಲ ನಗುತ್ತಿದ್ದೆವು. ನಗುವುದರಲ್ಲಿ ನಾನೇ ಮುಂದು.

ಕೇಳುವ ಅಭ್ಯಾಸ ಅವಳಿಗೆ ಸಾರ್ಡೀನ್ ಕಾರ್ಖಾನೆಯಿಂದ ಬಂದದ್ದು. ಹನ್ನೊಂದನೇ ವಯಸ್ಸಿಗೇ ಅವ್ವನ ಪಕ್ಕ ನಿಂತು, ಕತ್ತರಿಯಲ್ಲಿ ಮೀನಿನ ತಲೆ ಬಾಲ ಕತ್ತರಿಸಿ ಡಬ್ಬಿಗೆ ತುಂಬುತ್ತಿದ್ದವಳು. ಬೆರಳುಗಳಿಗೆ ಬಟ್ಟೆಪಟ್ಟಿ ಸುತ್ತಿಕೊಂಡರೂ ಗಾಯ ತಪ್ಪುತ್ತಿರಲಿಲ್ಲ. ಅರವತ್ತು ದಾಟಿದ ಮೇಲೂ ಅವಳ ಎಡಗೈ ಹೆಬ್ಬೆರಳು ಪೂರ್ತಿ ಮಡಚುತ್ತಿರಲಿಲ್ಲ. ಆದರೆ ಅಲ್ಲಿ ಪೆಟ್ಟಿಗೆಗೆ ಇಷ್ಟು ಸೆಂಟು ಎಂದು ಬೆಳಿಗ್ಗೆಯೇ ಬಾಗಿಲಿಗೆ ಬರೆದು ಅಂಟಿಸುತ್ತಿದ್ದರು. ಬೇಡವಾದವರು ಮನೆಗೆ ಹೋಗಬಹುದಿತ್ತು. ಕಾರ್ಖಾನೆ ಮುಚ್ಚಿತು, ಹೆಸ್ಟರ್ ಲೈಮನ್‌ನನ್ನು ಮದುವೆಯಾಗಿ ಅವನ ದೋಣಿ ಹತ್ತಿದಳು.

ಲೈಮನ್ ನಲವತ್ತು ಚಳಿಗಾಲ ಕಡಲಲ್ಲಿ ಕಳೆದು, ಕೊನೆಗೆ ಕಬ್ಬಿಣದಂಗಡಿಯ ಸರತಿಯಲ್ಲಿ ಕೈಯಲ್ಲಿ ಮೊಳೆ ಪೊಟ್ಟಣ ಹಿಡಿದುಕೊಂಡು ಸತ್ತ. ಹೃದಯ ನಿಂತಿತ್ತು. ಹೆಂಗಸು ಇನ್ನು ದೋಣಿ ಮಾರುತ್ತಾಳೆ ಎಂದು ಊರೆಲ್ಲ ಅಂದುಕೊಂಡಿತ್ತು, ಇಬ್ಬರು ಬೆಲೆ ಕೇಳಿಕೊಂಡೂ ಬಂದಿದ್ದರು. ಮಣ್ಣು ಮಾಡಿದ ನಾಲ್ಕನೆಯ ದಿನ ಹೆಸ್ಟರ್ ಒಬ್ಬಳೇ ಕಡಲಿಗೆ ಹೋದಳು. ಆರುನೂರು ಬೋನು, ಹಳದಿ ಮೈಯ ಮೇಲೆ ನೇರಳೆ ಪಟ್ಟಿಯ ಆರುನೂರು ಬೆಂಡು. ಬೋನು ತಳದಲ್ಲಿರುತ್ತದೆ, ಹಗ್ಗದ ಇನ್ನೊಂದು ತುದಿಯಲ್ಲಿ ಬೆಂಡು ನೀರಿನ ಮೇಲೆ ತೇಲುತ್ತದೆ. ಬಣ್ಣ ನೋಡಿದರೆ ಯಾರದು ಎಂದು ತಿಳಿಯುತ್ತದೆ. ಹೆಸ್ಟರಳ ಬಣ್ಣವನ್ನು ಹತ್ತು ವರ್ಷ ಯಾರೂ ಮುಟ್ಟಿರಲಿಲ್ಲ.

ಇನ್ನು ಆ ಬೇಸಿಗೆಯ ವಿಷಯ. ನೀರು ಎಂದಿಗಿಂತ ಬೇಗ ಬೆಚ್ಚಗಾಯಿತು. ಜುಲೈ ನಡುವಿಗೆ ಪೊರೆ ಬಿಡಬೇಕಾದ ಲಾಬ್‌ಸ್ಟರುಗಳು ಜೂನ್ ಮೊದಲ ವಾರಕ್ಕೇ ಪೊರೆ ಬಿಟ್ಟು, ಮೆತ್ತನೆ ಚಿಪ್ಪು ಹೊತ್ತು ಬೋನು ತುಂಬಿದವು. ಪೊರೆ ಬಿಟ್ಟದ್ದು ದೂರ ಸಾಗಿಸಿದರೆ ಸಾಯುತ್ತದೆ, ಅದನ್ನು ಗಡಿಯಾಚೆ ಹತ್ತಿರದಲ್ಲೇ ಇರುವ, ಮಾಂಸ ಬಿಡಿಸುವ ಕೆನಡಾದ ಕಾರ್ಖಾನೆಗಳಿಗೆ ಕೊಡಬೇಕು. ಆ ಕಾರ್ಖಾನೆಗಳು ತಮ್ಮ ಕಡೆಯವರು ವಸಂತದಲ್ಲಿ ಹಿಡಿದದ್ದನ್ನೇ ತುಂಬಿಕೊಂಡು ಬಾಗಿಲು ಹಾಕಿದ್ದವು. ಹಿಂದಿನ ವರ್ಷ ಪೌಂಡಿಗೆ ನಾಲ್ಕು ಡಾಲರ್ ಇದ್ದದ್ದು ಮೂರಾಯಿತು, ಎರಡೂವರೆಯಾಯಿತು, ಜುಲೈ ಮೊದಲ ಶನಿವಾರದ ಚೀಟಿಯಲ್ಲಿ ಎರಡೂಕಾಲು ಎಂದಿತ್ತು. ಡೀಸೆಲ್ಲಿಗೂ ಬೋನಿನೊಳಗೆ ಇರೆಯಾಗಿ ಕಟ್ಟುವ ಹೆರಿಂಗ್ ಮೀನಿಗೂ ಹಳೆಯ ಬೆಲೆಯೇ. ಅವೆರಡನ್ನೂ ಮಾರುತ್ತಿದ್ದವನು ಅದೇ ವೆಂಡೆಲ್.

ಬೆಲೆ ಬಿದ್ದದ್ದಕ್ಕೆ ಹೆಸ್ಟರ್ ಕೂಗಾಡಲಿಲ್ಲ, ಅದನ್ನು ಹೇಳಲೇಬೇಕು. ಆಗಸ್ಟಿನಲ್ಲಿ ನಮ್ಮೂರಲ್ಲಿ ಕಾರಿಗೆ ಬೀಗ ಹಾಕದೆ ಚರ್ಚಿಗೆ ಹೋದರೆ, ವಾಪಸು ಬರುವಷ್ಟರಲ್ಲಿ ಹಿಂದಿನ ಸೀಟಿನ ತುಂಬ ಯಾರೋ ತಮಗೆ ಹೆಚ್ಚಾದ ಜುಕಿನಿಕಾಯಿ ಸುರಿದು ಹೋಗಿರುತ್ತಾರೆ. ಎಲ್ಲರ ಹಿತ್ತಿಲಲ್ಲೂ ಬೆಳೆದದ್ದಕ್ಕೆ ಯಾರು ಕಾಸು ಕೊಡುತ್ತಾರೆ ಎಂದು ಅವಳೇ ಹೇಳಿದಳು. ಸರಕು ಹೆಚ್ಚಾದರೆ ಬೆಲೆ ಇಳಿಯಬೇಕು, ಇಳಿದರೆ ತಿನ್ನುವವರು ಹೆಚ್ಚಾಗಬೇಕು, ತಿನ್ನುವವರು ಹೆಚ್ಚಾದರೆ ಬೆಲೆ ಮತ್ತೆ ಏರಬೇಕು. ಇದು ಅವಳ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು. ನಡುವೆ ಒಬ್ಬ ಕೂತಿದ್ದ, ಅಷ್ಟೇ.

ಧಕ್ಕೆಯ ತಲೆಯ ಮೇಲೆಯೇ ವೆಂಡೆಲ್‌ನ ತಿಂಡಿ ಅಂಗಡಿ. ನಾವು ತೂಗಿ ಕೊಟ್ಟದ್ದು ಮೂವತ್ತು ಹೆಜ್ಜೆ ನಡೆದರೆ ಅವನ ಹಂಡೆಗೆ ಬೀಳುತ್ತದೆ. ಒಂದು ಲಾಬ್‌ಸ್ಟರಿನ ಮಾಂಸ, ಒಂದು ಬನ್ನು, ಒಂದು ಚಮಚ ಬೆಣ್ಣೆ: ಹತ್ತೊಂಬತ್ತು ಡಾಲರ್. ನಮಗೆ ನಾಲ್ಕು ಕೊಡುತ್ತಿದ್ದಾಗಲೂ ಹತ್ತೊಂಬತ್ತು, ಎರಡೂಕಾಲು ಕೊಟ್ಟಾಗಲೂ ಹತ್ತೊಂಬತ್ತು. ಆ ಬೋರ್ಡಿನ ಬಣ್ಣ ಕೂಡ ಹೊಸದಾಗಿ ಬಳಿಸಿದ್ದ.

ಹೆಸ್ಟರ್ ಬೂಟು ಕಾಲಲ್ಲೇ ಮೇಲೆ ಹತ್ತಿ ಹೋಗಿ ಕೇಳಿದಳು. ನಾನು ಅಲ್ಲೇ ಇದ್ದೆ.

"ನಂಗೆ ಕೊಡೋದು ಎರಡೂಕಾಲು. ಬೋರ್ಡಲ್ಲಿ ಇನ್ನೂ ಹತ್ತೊಂಬತ್ತೇ ಇದ್ಯಲ್ಲ ವೆಂಡೆಲ್?"

"ಅದು ಬೇರೆ ಲೆಕ್ಕ ಹೆಸ್ಟರ್. ಇಳಿಸಿದ್ರೆ ಗಿರಾಕಿ ಏನೋ ಐಬಿದೆ ಅಂದ್ಕೋತಾನೆ. ಲಾಬ್‌ಸ್ಟರ್ ಅಂದ್ಮೇಲೆ ದುಬಾರಿ ಇರ್ಬೇಕು, ಜನ ಅಷ್ಟು ದೂರದಿಂದ ಬರೋದೇ ಅದಕ್ಕೆ."

"ಹಾಗಾದ್ರೆ ಇಳಿದಿದ್ದು ಯಾರ ಜೇಬಿಗೆ ಹೋಯ್ತು?"

ಮಾರ್ಕೆಟ್ಟು ತಾಯಿ, ನಾನಾ ಮಾಡಿದ್ದು, ಎಂದು ಅವನು ಕೈ ಚೆಲ್ಲಿದ. ಮಾರ್ಕೆಟ್ಟಂತೆ. ಮಳೆ ಬಂದ ಹಾಗೆ, ಬಿಸಿಲು ಬಂದ ಹಾಗೆ ಅದೂ ಎಲ್ಲಿಂದಲೋ ಬರುತ್ತದೆ, ಪಾಪ ಅವನು ನೆನೆಯುತ್ತ ನಿಂತಿದ್ದಾನೆ. ನಮ್ಮ ಕರಾವಳಿಯ ಒಂಬತ್ತು ಧಕ್ಕೆಗಳಲ್ಲೂ ಶನಿವಾರ ಒಂದೇ ಬೆಲೆ, ಒಂದು ಸೆಂಟು ಆಚೀಚೆ ಇಲ್ಲ. ಅದು ಹೇಗೆ ಸಾಧ್ಯ ಎಂದು ಯಾರೂ ಕೇಳುವುದಿಲ್ಲ. ಆದರೆ ಹತ್ತು ಜನ ಮೀನುಗಾರರು ಒಂದು ಅಡುಗೆಮನೆಯಲ್ಲಿ ಕೂತು, ಇಷ್ಟಕ್ಕಿಂತ ಕಡಿಮೆಗೆ ಕೊಡುವುದಿಲ್ಲ ಎಂದು ಮಾತಾಡಿಕೊಂಡರೆ ಅದು ಸಂಚು, ಕೋರ್ಟಿಗೆ ಎಳೆಯಬಹುದು. ಒಬ್ಬ ಇಷ್ಟಕ್ಕಿಂತ ಹೆಚ್ಚು ಕೊಡುವುದಿಲ್ಲ ಎಂದರೆ ಅದು ವ್ಯಾಪಾರ. ಸಂಘ ಕಟ್ಟಿಕೊಂಡರೆ ಕಾನೂನು ಒಪ್ಪುತ್ತದೆ ಎಂದು ಹೆಸ್ಟರ್ ಎರಡು ಚಳಿಗಾಲ ಮನೆಮನೆಗೆ ಹೋಗಿ ಹೇಳಿದ್ದಳು. ಸಭೆಗೆ ಐದು ಜನ ಬಂದರು, ಅದರಲ್ಲಿ ಇಬ್ಬರು ಅವಳು ಮಾಡಿದ ಹಣ್ಣಿನ ಪೈ ತಿನ್ನಲು ಬಂದವರು.

ಹಾಗಾಗಿ ನಾವು ನಮಗೆ ಗೊತ್ತಿದ್ದದ್ದನ್ನು ಮಾಡಿದೆವು. ಒಂದು ಸೋಮವಾರ ಯಾರೂ ಕಡಲಿಗೆ ಹೋಗಲಿಲ್ಲ. ಯಾರೂ ಯಾರಿಗೂ ಏನೂ ಹೇಳಲಿಲ್ಲ, ಹೇಳಿದರೆ ಸಂಚಾಗುತ್ತದಲ್ಲ. ಬೆಳಿಗ್ಗೆ ಎದ್ದು ಟ್ರಕ್ಕಿನಲ್ಲಿ ಧಕ್ಕೆಯ ತನಕ ಹೋಗುವುದು, ಇಪ್ಪತ್ತಾರು ದೋಣಿಗಳೂ ಲಂಗರಿನ ಮೇಲೆ ನಿಂತದ್ದನ್ನು ನೋಡುವುದು, ಮನೆಗೆ ವಾಪಸು. ಒಬ್ಬನಿಗೆ ಬೆನ್ನುನೋವು, ಒಬ್ಬನಿಗೆ ಇಂಜಿನ್ ಕೆಟ್ಟಿದೆ, ನಾನು ಮನೆಗೆ ಬಣ್ಣ ಹೊಡೆಯುತ್ತಿದ್ದೆ. ಸರಕು ನಿಂತರೆ ವೆಂಡೆಲ್ ದಾರಿಗೆ ಬರುತ್ತಾನೆ ಎಂದು ನಮ್ಮ ನಂಬಿಕೆ. ಒಂದು ದೋಣಿ ಹೊರಟರೂ ಎಲ್ಲ ಮುಗಿಯಿತು, ಅದಕ್ಕೆ ಎಲ್ಲರ ಕಣ್ಣೂ ನೀರಿನ ಮೇಲೆ.

ಹೆಸ್ಟರ್ ಮೂರು ದಿನ ಕೂತಳು. ಮೂರನೆಯ ದಿನ ಸಂಜೆ ನಮ್ಮ ಮನೆಯ ಏಣಿಯ ಕೆಳಗೆ ನಿಂತು, ನಾಳೆ ಹೋಗುತ್ತೇನೆ ಎಂದಳು. ಬೋನಿನೊಳಗೆ ಗಟ್ಟಿ ಚಿಪ್ಪಿನವು ಮೆತ್ತನೆಯವನ್ನು ಹರಿದು ತಿನ್ನುತ್ತಿರುತ್ತವೆ, ಎತ್ತದೆ ಬಿಡುವುದು ಪಾಪ ಎಂದಳು. ವೆಂಡೆಲ್‌ಗಂತೂ ಒಂದೂ ಕೊಡುವುದಿಲ್ಲ, ಯಾರಿಗೆ ಕೊಡಬೇಕು ಅಂತ ಗೊತ್ತಿದೆ ಎಂದಳು. ಹೋಗಬೇಡ, ಜನ ಸುಮ್ಮನಿರುವುದಿಲ್ಲ ಎಂದು ನಾನು ಏಣಿಯ ಮೇಲಿಂದಲೇ ಹೇಳಿದೆ. ಇಳಿದು ಬಂದು ಮಾತಾಡುವಷ್ಟು ಸೌಜನ್ಯವೂ ನನಗಿರಲಿಲ್ಲ.

ಗುರುವಾರ ಹೋದಳು. ನೂರೈವತ್ತು ಬೋನು ಒಬ್ಬಳೇ ಎತ್ತಿ, ಇನ್ನೂರೈವತ್ತು ಪೌಂಡು ತಂದಳು. ಧಕ್ಕೆಗೆ ತಿರುಗಲಿಲ್ಲ. ತನ್ನ ಮನೆಯ ಕೆಳಗಿನ ಕಲ್ಲುದಂಡೆಗೆ ದೋಣಿ ತಂದು, ಒದ್ದೆ ಗೋಣಿ ಹೊದಿಸಿ, ಟ್ರಕ್ಕಿಗೆ ತುಂಬಿ, ಅಗ್ನಿಶಾಮಕ ಠಾಣೆಯ ಪಕ್ಕದ ಕೂಡುರಸ್ತೆಯಲ್ಲಿ ನಿಲ್ಲಿಸಿದಳು. ತಾನು ಹಿಡಿದದ್ದನ್ನು ತಾನೇ ಮಾರಲು ಬೇಕಾದ ಕಾಗದ ಅವಳ ಹತ್ತಿರ ಇತ್ತು. ಹಲಗೆಯೊಂದರ ಮೇಲೆ ಬೆಂಡಿಗೆ ಬಳಿಯುವ ನೇರಳೆ ಬಣ್ಣದಲ್ಲೇ ಬರೆದಳು: ಲಾಬ್‌ಸ್ಟರ್, ಪೌಂಡಿಗೆ ನಾಲ್ಕು ಡಾಲರ್. ವೆಂಡೆಲ್ ಕೊಡುತ್ತಿದ್ದದ್ದರ ಹೆಚ್ಚುಕಡಿಮೆ ಎರಡರಷ್ಟು, ಅವನ ಅಂಗಡಿಯ ಒಂದು ಬನ್ನಿನ ಬೆಲೆಯ ಕಾಲುಭಾಗಕ್ಕೂ ಕಡಿಮೆ.

ಬಂದವರು ಯಾರು ಅಂದುಕೊಂಡಿರಿ? ಪ್ರವಾಸಿಗರಲ್ಲ. ಶಾಲೆಯ ಬಸ್ ಓಡಿಸುವವಳು ಬಂದಳು. ಕಾಗದದ ಕಾರ್ಖಾನೆಯಿಂದ ನಿವೃತ್ತರಾದ ಮುದುಕರು ಬಂದರು. ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಹೆಂಗಸು ಎರಡು ಕೊಂಡು, ಮಗಳ ಮದುವೆಯಲ್ಲಿ ತಿಂದದ್ದೇ ಕೊನೆ ಎಂದಳಂತೆ. ಕಡಲಿಂದ ಎರಡು ಮೈಲಿ ದೂರದಲ್ಲಿ ಹುಟ್ಟಿ ಬೆಳೆದವರು, ಹನ್ನೆರಡು ವರ್ಷದಿಂದ ಲಾಬ್‌ಸ್ಟರ್ ತಿಂದಿರಲಿಲ್ಲ. ಎರಡು ಗಂಟೆಯಲ್ಲಿ ಟ್ರಕ್ಕು ಖಾಲಿ. ಶುಕ್ರವಾರ ಅವಳು ಬರುವ ಮೊದಲೇ ಠಾಣೆಯ ಗೋಡೆಯುದ್ದಕ್ಕೂ ಜನ ಪಾತ್ರೆ ಹಿಡಿದು ನಿಂತಿದ್ದರು. ಸರಕು ಹೆಚ್ಚಾಗಿದೆ, ಕೇಳುವವರೇ ಇಲ್ಲ ಎಂದು ವೆಂಡೆಲ್ ಒಂದು ತಿಂಗಳಿಂದ ನಮ್ಮ ಕಿವಿಗೆ ಹೂವಿಟ್ಟಿದ್ದ. ಕೇಳುವವರು ಇಲ್ಲೇ ಇದ್ದರು, ಅವರಿಗೆ ಎಟುಕುವ ಬೆಲೆಯನ್ನು ಯಾರೂ ಹೇಳಿರಲಿಲ್ಲ.

ಇದನ್ನು ನೋಡಿದ ಮೇಲಾದರೂ ನಮಗೆ ಬುದ್ಧಿ ಬರಬೇಕಿತ್ತಲ್ಲ? ಬರಲಿಲ್ಲ. ನಮ್ಮ ಹೊಟ್ಟೆಗೆ ಬೆಂಕಿ ಬಿತ್ತು. ನಾವು ಕೈಕಟ್ಟಿ ಕೂತಿದ್ದೇವೆ, ಇವಳು ಮಾರಿಕೊಂಡು ಬರುತ್ತಿದ್ದಾಳೆ. ಶುಕ್ರವಾರ ಸಂಜೆ ವೆಂಡೆಲ್ ನಮ್ಮ ಮನೆಗೆ ಬಂದ, ನಲವತ್ತೊಂದು ವರ್ಷದಲ್ಲಿ ಮೊದಲ ಸಲ. ಬಣ್ಣ ಚೆನ್ನಾಗಿದೆ ಎಂದ. ನಿನ್ನ ಸಿಟ್ಟು ನನಗೆ ಅರ್ಥವಾಗುತ್ತದೆ ಓರಿನ್, ನೀವು ನಿಯತ್ತಿನವರು, ಆದರೆ ನಿಯತ್ತಿನವರೇ ಯಾವಾಗಲೂ ಮೋಸಹೋಗುವುದು ಎಂದ. ಬೆಲೆ ಏರಿಸೋಣ ಅಂತಲೇ ಇದ್ದೆ, ನಿಮ್ಮವಳೇ ರಸ್ತೆಯಲ್ಲಿ ನಾಲ್ಕಕ್ಕೆ ಮಾರಿದರೆ ನಾನೇನು ಮಾಡಲಿ ಎಂದ. ಮಾತು ಅಷ್ಟೇ. ಮೊಸರು ತಿಂದವನು ಮೇಕೆಯ ಬಾಯಿಗೆ ಒರೆಸಿ ಎದ್ದು ಹೋದ, ಮೇಕೆಯನ್ನು ಹೊಡೆಯಲು ನಾನು ಕೋಲು ಹುಡುಕಿದೆ.

ಶನಿವಾರ ಬೆಳಿಗ್ಗೆ ಮಂಜು ಕವಿದಿತ್ತು. ಹುಟ್ಟುಹಾಕುವ ಸಣ್ಣ ದೋಣಿಯಲ್ಲಿ ಹೋಗಿ, ಹೆಸ್ಟರಳ ಆರು ಬೆಂಡುಗಳ ಹಿಡಿಗೆ ಅವಳದೇ ಹಗ್ಗವನ್ನು ಎರಡು ಸುತ್ತು ಸುತ್ತಿ ಗಂಟು ಹಾಕಿ ಬಂದೆ. ಹೌದು, ನಾನೇ. ನಮ್ಮ ಕರಾವಳಿಯಲ್ಲಿ ಆ ಗಂಟಿಗೆ ಒಂದೇ ಅರ್ಥ. ಈ ಸಲ ಕೈ ಬಂದಿದೆ, ಮುಂದಿನ ಸಲ ಚಾಕು ಬರುತ್ತದೆ. ಕದ್ದವನಿಗೆ, ಬೇರೆಯವರ ನೀರಿನಲ್ಲಿ ಬೋನು ಬಿಟ್ಟವನಿಗೆ ಹಾಕುವ ಗಂಟದು. ಅದನ್ನು ನಾನು ನನ್ನ ಅಣ್ಣನ ಹೆಂಡತಿಗೆ ಹಾಕಿದೆ. ಹೆದರಿ ನಿಲ್ಲಿಸಲಿ ಎಂದಷ್ಟೇ ಹಾಕಿದೆ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ.

ಮಧ್ಯಾಹ್ನ ಹೆಸ್ಟರ್ ನಮ್ಮ ಅಡುಗೆಮನೆಗೆ ಬಂದಳು. ನನ್ನ ಹೆಂಡತಿ ಅವಳ ಮುಖ ನೋಡಿ, ಕಾಫಿ ಬಗ್ಗಿಸಿ ಇಟ್ಟು ಹಿತ್ತಿಲಿಗೆ ಹೋದಳು.

"ಬಲಗೈಲಿ ಹಾಕ್ಬೇಕಿತ್ತು ಓರಿನ್," ಎಂದಳು ಹೆಸ್ಟರ್. "ಈ ಬಂದರಲ್ಲಿ ಎಡಗೈಯೋನು ನೀನೊಬ್ನೇ."

ನಾನು ಇಲ್ಲವೆನ್ನಲಿಲ್ಲ. ನೀನು ಎಲ್ಲರ ಮಾತು ಮೀರಿದೆ ಎಂದೆ.

"ಮಾತಾ? ಯಾರಾಡಿದ್ರು ಮಾತು? ಮಾತಾಡಿದ್ರೆ ಜೈಲು ಅಂತೀರಲ್ಲ ನೀವೆಲ್ಲ." ಕಾಫಿ ಲೋಟ ಮುಟ್ಟದೆ ಪಕ್ಕಕ್ಕೆ ಸರಿಸಿದಳು. "ನಿಮ್ಮ ಸಿಟ್ಟು ಇರೋದು ವೆಂಡೆಲ್ ಮೇಲೆ. ಬೀಗ ಹಾಕಿರೋದು ಕಡಲಿಗೆ. ಧಕ್ಕೆಗೆ ಹಾಕ್ರೋ. ಎಷ್ಟು ದಿನ ಅಂತ ಮನೇಲಿ ಕೂತಿರ್ತೀರ, ಬೋನೊಳಗೆ ತುಂಬ್ತಾನೇ ಇದೆ. ನಾಳೆ ನಿನ್ ಟ್ರಕ್ಕು ತಗೊಂಡು ಬಾ. ನಾವಿಬ್ರು ನಿಂತ್ರೆ ನಾಳಿದ್ದು ನಾಲ್ಕು ಜನ ನಿಲ್ತಾರೆ. ಒಳಗಿನ ಊರುಗಳಲ್ಲಿ ಎಷ್ಟು ಬಾಯಿ ಇದೆ ಗೊತ್ತಾ ನಿಂಗೆ?"

"ರಸ್ತೆಬದೀಲಿ ನಿಂತ್ಕೊಂಡು ಜೋಳದ ತೆನೆ ಮಾರೋರ ಥರ ಕೂಗ್ಲಾ ನಾನು?"

ಹೆಸ್ಟರ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. "ಜೋಳ ಮಾರೋನು ತನ್ನ ಬೆಲೆ ತಾನೇ ಹೇಳ್ತಾನೆ ಕಣೋ," ಎಂದಳು.

ಆದರೂ ನಾನು ಹೋಗಲಿಲ್ಲ. ಹಿಡಿಯುವುದು ಗಂಡಸಿನ ಕೆಲಸ, ಮಾರುವುದು ಅಂಗಡಿಯವನ ಕೆಲಸ ಎಂದು ನಮಗೆ ತೊಟ್ಟಿಲಲ್ಲೇ ಕಲಿಸಿಬಿಟ್ಟಿರುತ್ತಾರೆ. ಬಿರುಗಾಳಿಯಲ್ಲಿ ಹನ್ನೆರಡು ಅಡಿ ಅಲೆಗೆ ಎದೆಕೊಡುವ ನಾವು, ಒಬ್ಬ ಗಿರಾಕಿಯ ಎದುರು ನಿಂತು ಇದಕ್ಕೆ ಇಷ್ಟು ಎಂದು ಹೇಳಲು ನಾಚುತ್ತೇವೆ. ಆ ನಾಚಿಕೆಯನ್ನು ಮರ್ಯಾದೆ ಎಂದು ಕರೆದುಕೊಂಡಿದ್ದೇವೆ. ವೆಂಡೆಲ್‌ನ ಅಪ್ಪ ಎರಡಂತಸ್ತಿನ ಮನೆ ಕಟ್ಟಿದ್ದು ನಮ್ಮ ಆ ಮರ್ಯಾದೆಯ ಮೇಲೆಯೇ.

ಸೋಮವಾರ ಹೆಸ್ಟರ್ ಕಡಲಿಗೆ ಹೋದಾಗ ಅವಳ ಬಣ್ಣ ಹೆಚ್ಚಿನ ಕಡೆ ಕಾಣಲಿಲ್ಲ. ಭಾನುವಾರ ಹಗಲೇ ಕತ್ತರಿಸಿದ್ದರು. ಯಾರು ಎಂದು ನನಗೆ ಇವತ್ತಿಗೂ ಖಚಿತವಾಗಿ ಗೊತ್ತಿಲ್ಲ, ಒಬ್ಬನ ಕೆಲಸವಲ್ಲ ಎಂಬುದು ಗೊತ್ತು. ನಾನು ಚಾಕು ಹಿಡಿಯಲಿಲ್ಲ. ಆದರೆ ಡಾರ್ ಮನೆಯವನೇ ಗಂಟು ಹಾಕಿದ್ದಾನೆ ಎಂದ ಮೇಲೆ ಉಳಿದವರಿಗೆ ಯಾವ ಅಡ್ಡಿ? ಆರುನೂರರಲ್ಲಿ ನಾನೂರ ಮೂವತ್ತು ಹಗ್ಗ ಹೋಗಿದ್ದವು. ಹಗ್ಗ ಕತ್ತರಿಸಿದರೆ ಬೋನು ತಳದಲ್ಲೇ ಉಳಿಯುತ್ತದೆ. ಒಳಗೆ ಹೊಕ್ಕದ್ದು ಹೊಕ್ಕ ಹಾಗೇ ಒಂದನ್ನೊಂದು ತಿನ್ನುತ್ತ ಸಾಯುತ್ತದೆ. ಒಂದೊಂದು ಬೋನಿಗೆ ಹಗ್ಗ ಸೇರಿ ನೂರಿಪ್ಪತ್ತು ಡಾಲರ್ ಕೊಟ್ಟವಳು, ಮಿಕ್ಕ ನೂರೆಪ್ಪತ್ತರಲ್ಲಿ ಆ ವಾರವೂ ಕೂಡುರಸ್ತೆಗೆ ಬಂದಳು. ಪಾತ್ರೆ ಹಿಡಿದು ನಿಂತ ಅರ್ಧ ಜನಕ್ಕೆ ಸಿಗಲಿಲ್ಲ.

ಆಗ ವೆಂಡೆಲ್ ತನ್ನ ಪಾಲಿನ ಕೆಲಸ ಮಾಡಿದ. ಹೆಸ್ಟರ್ ಇರೆ ಕೊಳ್ಳಲು ಹೋದರೆ ಇವತ್ತು ಉಳಿದಿಲ್ಲ ಎಂದ, ಪೀಪಾಯಿಗಳು ಅವಳ ಕಣ್ಣೆದುರೇ ಇದ್ದವು. ಡೀಸೆಲ್ ಪಂಪು ಕೆಟ್ಟಿದೆ ಎಂದ, ಅವಳು ತಿರುಗುವಷ್ಟರಲ್ಲಿ ಪ್ರವಾಸಿಗನೊಬ್ಬನ ದೋಣಿಗೆ ಹಾಕಿದ. ಕೊಡುವುದು ಬಿಡುವುದು ಅವನ ಇಷ್ಟವಂತೆ, ಸ್ವಂತ ಸೊತ್ತಂತೆ. ಮುಂದಿನ ಧಕ್ಕೆಗೆ ದೋಣಿಯಲ್ಲಿ ಎರಡು ಗಂಟೆ ದಾರಿ, ಅಲ್ಲಿಯವರು ನಮ್ಮೂರವಳಿಗೆ ಯಾಕೆ ಕೊಟ್ಟಾರು? ಬೋನಿಲ್ಲ, ಇರೆಯಿಲ್ಲ, ಎಣ್ಣೆಯಿಲ್ಲ. ನಲವತ್ತು ವರ್ಷ ದುಡಿದ ಬಂದರಿನಲ್ಲಿ ಇನ್ನು ಅವಳಿಗೆ ಜಾಗ ಉಳಿಯುತ್ತದೆಯೇ ಎಂಬುದು ನಮ್ಮ ಕೈಯಲ್ಲಿತ್ತು. ನಮ್ಮಲ್ಲಿ ಯಾರಾದರೂ ಎರಡು ಪೀಪಾಯಿ ಇರೆ ಹೆಚ್ಚಿಗೆ ಕೊಂಡು ಅವಳ ಕಲ್ಲುದಂಡೆಗೆ ಇಳಿಸಿದ್ದರೆ ಸಾಕಿತ್ತು. ಒಬ್ಬನೂ ಇಳಿಸಲಿಲ್ಲ. ನನ್ನ ಮನೆ ಅವಳ ದಂಡೆಯಿಂದ ಕೂಗಳತೆ ದೂರ.

ಹತ್ತನೆಯ ದಿನ ವೆಂಡೆಲ್ ಪೌಂಡಿಗೆ ಇಪ್ಪತ್ತೈದು ಸೆಂಟು ಏರಿಸಿದ. ಗೆದ್ದೆವು ಎಂದು ನಾವು ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡೆವು. ಮರುದಿನ ಇಪ್ಪತ್ತೈದು ದೋಣಿಗಳೂ ಒಟ್ಟಿಗೆ ಹೊರಟು, ಹತ್ತು ದಿನ ತುಂಬಿ ಕೂತ ಬೋನುಗಳನ್ನು ಒಟ್ಟಿಗೆ ಎತ್ತಿದೆವು. ಧಕ್ಕೆಯಲ್ಲಿ ಇಳಿಸಲು ಜಾಗವಿರಲಿಲ್ಲ. ಅಷ್ಟು ದಿನ ತಡೆಹಿಡಿದ ಸರಕನ್ನೆಲ್ಲ ಎರಡು ದಿನದಲ್ಲಿ ಅವನ ಕಾಲಬುಡಕ್ಕೆ ತಂದು ಸುರಿದೆವು, ನಮ್ಮ ಕೈಯಾರೆ. ಶನಿವಾರದ ಚೀಟಿಯಲ್ಲಿ ಪೌಂಡಿಗೆ ಎರಡು ಡಾಲರ್ ಎಂದಿತ್ತು. ವೆಂಡೆಲ್ ಮಾರ್ಕೆಟ್ಟು ಎಂದ. ಆ ಸಲ ಅವನು ಸುಳ್ಳು ಹೇಳಲಿಲ್ಲ.

ಹೆಸ್ಟರ್ ಆಗಸ್ಟ್ ಮುಗಿಯುವವರೆಗೂ ಹೇಗೋ ಎಳೆದಳು. ಆಸುಪಾಸಿನಲ್ಲಿ ಹಂದಿ ಸಾಕುವವರಿಂದ ಚರ್ಮ ತಂದು ಇರೆ ಮಾಡಿಕೊಂಡಳು, ಎಣ್ಣೆಯನ್ನು ಕ್ಯಾನಿನಲ್ಲಿ ಹೊತ್ತಳು. ಒಂದು ಮಾತು ಯಾರಿಗೂ ಬೈಯಲಿಲ್ಲ, ಅದೇ ದೊಡ್ಡ ಶಿಕ್ಷೆ. ಅಂಚೆ ಕಚೇರಿಯಲ್ಲಿ ಎದುರಾದರೆ ಹವಾಮಾನದ ಮಾತಾಡಿ ಹೋಗುತ್ತಿದ್ದಳು. ಸೆಪ್ಟೆಂಬರಿನಲ್ಲಿ ಲೈಮನ್‌ನ ದೋಣಿಯನ್ನು ಪಶ್ಚಿಮದ ಯಾವುದೋ ಬಂದರಿನವನಿಗೆ ಮಾರಿದ್ದಾಳೆ, ಶಾಲೆಯ ಅಡುಗೆಮನೆಯಲ್ಲಿ ಕೆಲಸ ಹಿಡಿದಿದ್ದಾಳೆ ಎಂದು ನನ್ನ ಹೆಂಡತಿ ಹೇಳಿದಳು. ಹೇಳಿ ನನ್ನ ಮುಖ ನೋಡದೆ ತಟ್ಟೆ ತೊಳೆದಳು.

ಅದೇ ವಾರ ವೆಂಡೆಲ್‌ನ ತಿಂಡಿ ಅಂಗಡಿಯ ಪಕ್ಕದ ಉಡುಗೊರೆ ಅಂಗಡಿಗೆ ಹೋಗಬೇಕಾಯಿತು, ಅದೂ ಅವನದೇ. ಒಳಗೆ ಗೋಡೆಯ ಮೇಲೆ ಸಾಲಾಗಿ ಹಳದಿ ಬೆಂಡುಗಳು, ನೇರಳೆ ಪಟ್ಟಿ. ಕತ್ತರಿಸಿದ ಮೇಲೆ ತೇಲಿ ದಡಕ್ಕೆ ಬಂದವನ್ನು ಆರಿಸಿ ತಂದವರಿಗೆ ವೆಂಡೆಲ್ ಒಂದಕ್ಕೆ ಎರಡು ಡಾಲರ್ ಕೊಟ್ಟಿದ್ದನಂತೆ. ಅವಳ ಲೈಸೆನ್ಸ್ ನಂಬರು ಮೈಮೇಲೆ ಕಾಯಿಸಿ ಒತ್ತಿದ್ದು ಹಾಗೇ ಇತ್ತು. ಇನ್ನೊಬ್ಬರ ಬೆಂಡು ಇಟ್ಟುಕೊಳ್ಳುವುದು ಕಾನೂನಿನಲ್ಲಿ ತಪ್ಪು, ಗೋಡೆಗೆ ನೇತುಹಾಕಿದರೆ ಅಲಂಕಾರ. ಕೊರಳಿಗೆ ಚೀಟಿ: ನಿಜವಾದ ಕಡಲಿನ ಬೆಂಡು, ಇಪ್ಪತ್ತನಾಲ್ಕು ಡಾಲರ್. ಬೋಸ್ಟನ್ನಿನಿಂದ ಬಂದ ದಂಪತಿ ಒಂದನ್ನು ತಿರುಗಿಸಿ ನೋಡುತ್ತ, ಸ್ನಾನದ ಮನೆಗೆ ಒಪ್ಪುತ್ತದೆಯೇ ಎಂದು ಮಾತಾಡಿಕೊಳ್ಳುತ್ತಿದ್ದರು.

ಅವರ ಕೈಯಲ್ಲಿದ್ದದ್ದನ್ನೂ ಸೇರಿಸಿ ಹದಿನಾಲ್ಕಕ್ಕೆ ಹದಿನಾಲ್ಕೂ ಕೊಡು ಎಂದು ಅಂಗಡಿಯ ಹುಡುಗಿಗೆ ಹೇಳಿದೆ. ಚೌಕಾಸಿ ಮಾಡಲಿಲ್ಲ. ಮುನ್ನೂರ ಮೂವತ್ತಾರು ಡಾಲರ್ ಎಣಿಸಿ ಕೊಟ್ಟು, ಟ್ರಕ್ಕಿನ ಹಿಂದೆ ಹಾಕಿಕೊಂಡು ನೇರ ಹೆಸ್ಟರಳ ಅಂಗಳಕ್ಕೆ ಹೋದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ. ತಪ್ಪಾಯಿತು ಎಂಬುದು ಮೊದಲ ಮಾತು.

ಅವಳು ಉಳಿದ ಹಗ್ಗಗಳನ್ನು ಸುರುಳಿ ಸುತ್ತುತ್ತಿದ್ದಳು. ಎದ್ದು ಬಂದು ಟ್ರಕ್ಕಿನೊಳಗೆ ಇಣುಕಿದಳು. ಒಂದನ್ನು ಎತ್ತಿಕೊಂಡು, ಒತ್ತಿದ ನಂಬರಿನ ಮೇಲೆ ಆ ಮಡಚದ ಹೆಬ್ಬೆರಳಾಡಿಸಿದಳು. ಆಮೇಲೆ ಕೊರಳ ಚೀಟಿ ಓದಿದಳು.

"ಎಲ್ಲಾನೂ ಇಷ್ಟಕ್ಕೇ ತಂದ್ಯಾ?"

ಹೂಂ, ಅವನು ಹೇಳಿದಷ್ಟೇ ಕೊಟ್ಟೆ, ಒಂದು ಸೆಂಟೂ ಕಡಿಮೆ ಕೇಳಲಿಲ್ಲ ಎಂದೆ. ಅದನ್ನು ಹೇಳುವಾಗ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು, ಯಾಕೆ ಸುಳ್ಳು ಹೇಳಲಿ.

ಹೆಸ್ಟರ್ ಬೆಂಡನ್ನು ಉಳಿದವುಗಳ ಜೊತೆ ಮೆಲ್ಲಗೆ ಇಟ್ಟಳು.

"ನನ್ ಹತ್ರ ತಪ್ಪಾಯ್ತು ಅನ್ನೋಕೂ ದುಡ್ಡು ಅವನಿಗೇ ಕೊಟ್ಟು ಬಂದ್ಯಲ್ಲೋ ಓರಿನ್."

ದನಿಯಲ್ಲಿ ಸಿಟ್ಟಿರಲಿಲ್ಲ. ಕೆಳಗಿಳಿಸಬೇಡ, ಮನೆಗೆ ತಗೊಂಡು ಹೋಗು ಎಂದು ಸುರುಳಿ ಸುತ್ತಲು ಮತ್ತೆ ಕೂತಳು. ನಾನು ಹದಿನಾಲ್ಕು ಬೆಂಡುಗಳನ್ನೂ ಮನೆಗೆ ತಂದೆ.